ಕರೆಂಟು ಹೋದಾಗ ಸಿಗುವ ಅಮ್ಮ

ನನಗೆ ಸಿಟ್ಟು ಬರುವುದು ಅಪರೂಪ. ರಾಯದುರ್ಗದಂಥ ಆಂಧ್ರ ಗಡಿಯ ಊರಿನ ವರದಿಗಾರನಿಗೆ ಸಿಟ್ಟು ದುಬಾರಿ ಹವ್ಯಾಸ. ಯಾರು, ಏನು, ಎಲ್ಲಿ, ಯಾವಾಗ ಎಂದು ಬರೆದು ಮುಗಿಸುವ ಹೊತ್ತಿಗೆ ಅದಕ್ಕೆ ಜಾಗ ಉಳಿದಿರುವುದಿಲ್ಲ. ಉಳಿದರೂ ಡೆಸ್ಕಿನವರು ಕತ್ತರಿಸುತ್ತಾರೆ. ಆದರೆ ಮೊನ್ನೆ ಡೆಸ್ಕಿನಿಂದಲೇ ಬಂದ ಲೇಖನವೊಂದನ್ನು ಓದಿ ನನ್ನ ಕಿವಿ ಬಿಸಿಯಾಯಿತು. ಭಾನುವಾರದ ಪುರವಣಿಗಂತೆ. ದುಡಿಯುವ ತಂದೆತಾಯಂದಿರು ದಣಿಯದೆ ಇರುವುದು ಹೇಗೆ ಎಂಬ ವಿಷಯ. ದಿನದಲ್ಲಿ ಸ್ವಲ್ಪ ಹೊತ್ತು ನಿಮಗಾಗಿ ಮೀಸಲಿಡಿ, ಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು ಕೂರಿ, ‘ಇಲ್ಲ’ ಎನ್ನಲು ಕಲಿಯಿರಿ. ಕೊನೆಯಲ್ಲಿ ನನಗೊಂದು ಸೂಚನೆ: ‘ನಿಮ್ಮೂರಿನ ಒಂದು ಉದಾಹರಣೆ ಸೇರಿಸಿ ಕಳಿಸಿ.’

ಇದನ್ನು ಬರೆದ ಮಹನೀಯರು ಒಂದು ದಿನ ನಮ್ಮ ಓಣಿಗೆ ಬರಬೇಕಿತ್ತು. ಇಲ್ಲಿ ಬೆಳಿಗ್ಗೆ ಹಾಲಿನವನಿಗಿಂತ ಮೊದಲು ಹೊಲಿಗೆ ಕೆಲಸ ಹಂಚುವ ಮೇಸ್ತ್ರಿ ಬರುತ್ತಾನೆ. ಕತ್ತರಿಸಿದ ಜೀನ್ಸ್ ತುಂಡುಗಳ ಗಂಟನ್ನು ಮನೆಮನೆಗೂ ಇಳಿಸಿ ಹೋಗುತ್ತಾನೆ. ಒಂದು ಮನೆಯವರು ಜೇಬು ಹೊಲಿದರೆ ಪಕ್ಕದವರು ಜಿಪ್ಪು, ಎದುರಿನವರು ಸೊಂಟದ ಪಟ್ಟಿ. ಓಣಿಯ ಕೊನೆ ತಲುಪುವ ಹೊತ್ತಿಗೆ ಅದು ಪ್ಯಾಂಟು. ನನ್ನ ಹೆಂಡತಿ ಗಂಗಮ್ಮ ಜೇಬಿನವಳು. ರೊಳ್ಳದ ಕಡೆಯಿಂದ ಮದುವೆಯಾಗಿ ಬಂದಾಗ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು ಗೊತ್ತಿತ್ತು. ಈಗ ಎಲ್ಲೋ ಯಾರೋ ಜೇಬಿಗೆ ಕೈ ಇಳಿಸಿದರೆ ಆ ಜೇಬು ಅವಳದ್ದಿರಬಹುದು.

ಮಿಷನ್ ಓಡುವಾಗ ಅಮ್ಮನನ್ನು ಮಾತಾಡಿಸಬಾರದು ಎಂಬುದು ನಮ್ಮ ಓಣಿಯ ಮಕ್ಕಳಿಗೆ ಅಕ್ಷರಕ್ಕಿಂತ ಮುಂಚೆ ಬರುವ ಪಾಠ. ಜೀನ್ಸಿನ ಸೂಜಿ ದಪ್ಪ, ಕಣ್ಣು ಆಚೀಚೆ ಹೋದರೆ ಬೆರಳಿಗೇ ಬರುತ್ತದೆ. ಹೀಗಾಗಿ ಅಲ್ಲಾಡುವ ಹಲ್ಲು, ಹರಿದ ರಿಬ್ಬನ್ನು, ಗೆಳತಿ ಟೂ ಬಿಟ್ಟ ಸುದ್ದಿ ಎಲ್ಲವೂ ಮಧ್ಯಾಹ್ನ ಕರೆಂಟು ಹೋಗುವವರೆಗೆ ಕಾಯುತ್ತವೆ. ಬೇರೆ ಊರುಗಳಲ್ಲಿ ಮಕ್ಕಳು ಕರೆಂಟು ಬಂದಾಗ ಕೂಗುತ್ತಾರಂತೆ. ನಮ್ಮಲ್ಲಿ ಹೋದಾಗ. ಮಿಷನ್‌ಗಳೆಲ್ಲ ಒಮ್ಮೆಲೇ ಗಪ್ಪಾಗುತ್ತವೆ, ಹೆಂಗಸರು ಸೊಂಟ ಹಿಡಿದುಕೊಂಡು ಕಟ್ಟೆಗೆ ಬರುತ್ತಾರೆ, ನಮ್ಮ ಮಗಳು ಚಿನ್ನಿ ಓಡಿಬಂದು ಅಮ್ಮನ ತೊಡೆಯ ಮೇಲೆ ತಲೆಯಿಡುತ್ತಾಳೆ. ಒಮ್ಮೊಮ್ಮೆ ಮಗಳಿಗಿಂತ ಮೊದಲು ತಾಯಿಗೇ ನಿದ್ದೆ.

ನನ್ನ ದಣಿವಿನ ವಿಷಯ ಬಿಡಿ. ನಾನು ದಣಿದರೆ ಚಹಾದ ಅಂಗಡಿಯಲ್ಲಿ ಕೂರುತ್ತೇನೆ, ಅದನ್ನು ಸುದ್ದಿ ಸಂಗ್ರಹ ಎನ್ನುತ್ತೇನೆ. ಗಂಗಮ್ಮನಿಗೆ ಅಂಥ ಮರ್ಯಾದಸ್ಥ ಹೆಸರಿನ ವಿಶ್ರಾಂತಿ ಇಲ್ಲ. ದಣಿವನ್ನು ಹೇಳಲು ಮಾತ್ರ ನಮ್ಮೂರಿನಲ್ಲಿ ಭಾಷೆಗಳಿಗೆ ಬರವಿಲ್ಲ. ಕನ್ನಡದಲ್ಲಿ ಸಾಕಾಗುತ್ತದೆ, ತೆಲುಗಿನಲ್ಲಿ ಅಲಸಿಪೋಗುತ್ತೇವೆ, ಉರ್ದುವಿನ ದಯೆಯಿಂದ ಸುಸ್ತಾಗುತ್ತೇವೆ. ಕೂತುಕೊಳ್ಳಲು ಮಾತ್ರ ಸರ್ಕಾರ ಕರೆಂಟು ತೆಗೆಯಬೇಕು.

ಲೇಖನ ಬಂದ ವಾರವೇ ಮೇಸ್ತ್ರಿ ಆಟೋದಲ್ಲಿ ಬ್ಯಾಟರಿಗಳನ್ನು ಹೇರಿಕೊಂಡು ಬಂದ. ಮನೆಗೊಂದು ಇನ್ವರ್ಟರ್, ಪುಕ್ಕಟೆ.

“ಇನ್ನ ಕರೆಂಟ್ ಹೋದ್ರೂ ಮಿಷನ್ ನಿಲ್ಲಂಗಿಲ್ರಿ. ನಿಮಗ ಆರಾಮ ಆಗ್ಲಿ ಅಂತ ತಂದೀನಿ.”

ಪಕ್ಕದ ಮನೆಯ ಹನುಮಕ್ಕ, ಜಿಪ್ಪಿನವಳು, ಬಾಯಿಗೆ ಸೆರಗು ಹಿಡಿದು ಕೇಳಿದಳು: “ಯಾರಿಗ್ರಿ ಆರಾಮ? ನಿಮಗೋ, ನಮಗೋ?”

“ಎಲ್ಲಾರಿಗೂ ಬೇ. ಆದ್ರ ಒಂದು ನೆನಪಿಟ್ಗೊಳ್ರಿ, ಮೋಟ್ರಿಗೆ ನಡುನಡುವೆ ರೆಸ್ಟ್ ಕೊಡ್ರಿ. ಬಿಸಿಯಾದ್ರ ಸುಟ್ಟು ಹೋಗ್ತೈತಿ.”

ನನ್ನ ವೃತ್ತಿಯ ಶಿಸ್ತು ಸಡಿಲವಾದದ್ದು ಆಗ. ಮೋಟಾರಿಗೆ ರೆಸ್ಟು! ತಾಮ್ರದ ತಂತಿಯ ಬಿಸಿ ಕಾಣುವ ಮನುಷ್ಯನಿಗೆ ಅದರ ಮುಂದೆ ಕೂತವಳ ಬೆನ್ನು ಕಾಣುವುದಿಲ್ಲವೇ? ಬಾಯಿ ತೆರೆದೆ. ಗಂಗಮ್ಮ ಕಣ್ಣಲ್ಲೇ ಸುಮ್ಮನಿರಿಸಿದಳು. ಬ್ಯಾಟರಿ ಬೇಡವೆಂದ ಮನೆಯ ಗಂಟು ನಾಳೆ ಬೇರೆ ಮನೆಗೆ ಹೋಗುತ್ತದೆ ಎಂಬುದು ಅವಳಿಗೆ ಗೊತ್ತು. “ಮಡಗೋಗಣ್ಣ ಅಲ್ಲೇ,” ಎಂದಳು.

ಚಿನ್ನಿ ಬ್ಯಾಟರಿಯನ್ನೇ ನೋಡುತ್ತ ನಿಂತಿದ್ದಳು. “ಅಮ್ಮ, ಇನ್ನ ಕರೆಂಟ್ ಹೋಗಂಗೇ ಇಲ್ಲೇನು?”

ಅಂದು ಮಧ್ಯಾಹ್ನ ಕಟ್ಟೆಯ ಮೇಲೆ ಹೆಂಗಸರ ತಲೆಗಳು ಹತ್ತಿರ ಹತ್ತಿರ ಬಂದವು. ನಾನು ಕಿವಿಗೊಟ್ಟೆ. “ಇದು ಪೇಪರ್ನಾಗೆ ಹಾಕಾ ಸುದ್ದಿಯಲ್ಲ, ಒಳಿಕೆ ಹೋಗ್ರಿ,” ಎಂದು ಗಂಗಮ್ಮ ನನ್ನನ್ನು ಎಬ್ಬಿಸಿದಳು. ಮರುದಿನ ಹೆಂಗಸರೇ ಕರೆಸಿದ ವೈರಿಂಗ್ ಮಾಡುವವನು ಬಂದು ಎಲ್ಲ ಮನೆಗಳಲ್ಲೂ ಅದೇನೋ ಜೋಡಿಸಿ ಹೋದ.

ಒಂದು ಮಧ್ಯಾಹ್ನ ತನ್ನ ಬ್ಯಾಟರಿಗಳ ಸಾಹಸ ನೋಡಲು ಮೇಸ್ತ್ರಿ ಬಂದ. ಕರೆಂಟು ಹೋಗಿತ್ತು. ಓಣಿಯಲ್ಲಿ ಒಂದು ಮಿಷನ್ನಿನ ಸದ್ದೂ ಇಲ್ಲ. ಆದರೆ ಎಲ್ಲ ಮನೆಗಳಲ್ಲೂ ಫ್ಯಾನು ಗಿರ್ರೆಂದು ತಿರುಗುತ್ತಿತ್ತು. ಕೆಳಗೆ ಚಾಪೆ, ಚಾಪೆಯ ಮೇಲೆ ತಾಯಂದಿರು, ಮಕ್ಕಳು.

“ಮಿಷನ್ನಿಗೆ ಯಾಕ ಕೊಟ್ಟಿಲ್ರಿ ಲೈನು?”

ಹನುಮಕ್ಕ ಮಲಗಿದಲ್ಲಿಂದಲೇ ಹೇಳಿದಳು: “ಮೋಟ್ರಿಗೆ ರೆಸ್ಟ್ ಕೊಡ್ರಿ ಅಂದಿದ್ರಲ್ರಿ ಮೇಸ್ತ್ರಿ. ಕೊಟ್ಟೀವಿ.”

ಮೇಸ್ತ್ರಿ ಓಣಿಯ ಆ ತುದಿಯವರೆಗೂ ನಡೆದು ನೋಡಿದ. ಒಂದು ಮನೆ ಹೀಗೆ ಮಾಡಿದ್ದರೆ ಗಂಟು ಕಸಿದುಕೊಳ್ಳುತ್ತಿದ್ದ. ಜೇಬು, ಜಿಪ್ಪು, ಪಟ್ಟಿ ಮೂರೂ ಒಟ್ಟಿಗೆ ಮಲಗಿದ ಮೇಲೆ ಪ್ಯಾಂಟು ಎಲ್ಲಿಂದ ತರುತ್ತಾನೆ? ನಮ್ಮ ಮನೆಗೇ ಬಂದು ಫ್ಯಾನಿನ ಕೆಳಗೆ ಕೂತು ನೀರು ಕೇಳಿದ. ಚಿನ್ನಿ ಬಾಯಿಯ ಮೇಲೆ ಬೆರಳಿಟ್ಟು, “ಸಣ್ಣಕೆ ಮಾತಾಡ್ರಿ, ಅಮ್ಮ ಮಲಗ್ಯಾಳ,” ಎಂದಳು.

ಪುರವಣಿಗೆ ಇದನ್ನೇ ಉದಾಹರಣೆಯಾಗಿ ಕಳಿಸಿದ್ದೇನೆ. ಕಾಲು ನೆನೆಸುವ ವಾಕ್ಯವನ್ನು ತೆಗೆದಿದ್ದೇನೆ, ನಮ್ಮಲ್ಲಿ ನೀರಿನ ಕಷ್ಟ. ‘ಇಲ್ಲ’ ಎನ್ನಲು ಕಲಿಯಿರಿ ಎಂಬುದಕ್ಕೆ ಒಂದು ತಿದ್ದುಪಡಿ ಹಾಕಿದ್ದೇನೆ: ಒಬ್ಬರೇ ಅನ್ನಬೇಡಿ, ಮೊದಲು ಪಕ್ಕದ ಮನೆಯವರನ್ನು ಕೇಳಿ. ಡೆಸ್ಕಿನವರು ಕತ್ತರಿಸಿದರೂ ಚಿಂತೆಯಿಲ್ಲ. ಕತ್ತರಿಸಿದ ತುಂಡುಗಳನ್ನು ಸೇರಿಸುವವರು ನಮ್ಮ ಓಣಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಎದ್ದ ಮೇಲೆ ಕೇಳುತ್ತೇನೆ.