ಲೆಕ್ಕದ ಮೇಡಂ ನುಂಗಿದ ಮಾತು

"ಪಾಠ ಹೇಳ್ತೀನಿ ಅಂತ ಪ್ರಮಾಣ ಮಾಡು ಅನ್ನಿ, ಈಗಲೇ ಮಾಡ್ತೀನಿ. ಮಕ್ಕಳಿಗೆ ಹೊಡೆಯಲ್ಲ ಅನ್ನೋದಕ್ಕೂ ಮಾಡ್ತೀನಿ, ಹೇಗೂ ನನ್ನ ಭುಜ ನೋವಿಗೆ ಕೈ ಮೇಲೇಳಲ್ಲ. ಹೊತ್ತಿಗೆ ಸರಿಯಾಗಿ ಬರ್ತೀನಿ ಅನ್ನೋದನ್ನ, ನಮ್ಮ ಮನೆಯವರ ಬಸ್ಸು ಕೆಡದೇ ಇದ್ದರೆ ಅಂತ ಮನಸ್ಸಲ್ಲೇ ಸೇರಿಸಿಕೊಂಡು ಹೇಳ್ತೀನಿ. ಆದ್ರೆ ಈ ಐದನೇದನ್ನ ಯಾರು ಬರೆದದ್ದು ಸ್ವಾಮಿ? 'ಎಲ್ಲ ಮಕ್ಕಳನ್ನೂ ಸಮನಾಗಿ ಪ್ರೀತಿಸುತ್ತೇನೆ.' ನಾನು ಹೆತ್ತಿದ್ದು ಒಂದೇ ಒಂದು. ಅದನ್ನೇ ದಿನಾ ಒಂದೇ ಸಮ ಪ್ರೀತಿಸೋಕೆ ನನ್ನ ಕೈಲಿ ಆಗಲಿಲ್ಲ. ಒಂದು ದಿನ ಮುದ್ದು ಬರ್ತಿತ್ತು, ಇನ್ನೊಂದು ದಿನ ಎತ್ತಿ ಆಚೆ ಹಾಕೋಣ ಅನ್ನಿಸ್ತಿತ್ತು. ಇನ್ನು ಊರ ಮಕ್ಕಳು! ನನ್ನ ಕ್ಲಾಸಲ್ಲಿ ಒಂದಿದೆ. ಅದರ ಮುಖ ಕಂಡರೆ ಬೆಳಿಗ್ಗೆ ಕುಡಿದ ಕಾಫಿ ಗಂಟಲಿಗೆ ಬರುತ್ತೆ. ಯಾವುದು ಅಂತ ಮಾತ್ರ ಕೇಳಬೇಡಿ. ಅದಕ್ಕೂ ಭಿನ್ನರಾಶಿ ಹೇಳಿಕೊಟ್ಟಿದ್ದೀನಿ, ಶೇಕಡಾವಾರು ಹೇಳಿಕೊಟ್ಟಿದ್ದೀನಿ, ತಲೆಗೆ ಹೋಗೋವರೆಗೆ ಬಿಟ್ಟಿಲ್ಲ. ಪ್ರೀತಿ ಬೇಕಿದ್ದರೆ ಅವರಮ್ಮನ ಹತ್ರ ಹೋಗಲಿ. ನನ್ನ ಹತ್ರ ಲೆಕ್ಕ ಸಿಗುತ್ತೆ."

ಲೆಕ್ಕದ ಮೇಡಂ ಇಷ್ಟನ್ನೂ ಹೇಳಿದ್ದು ಟೀಚರುಗಳ ಕೋಣೆಯಲ್ಲಿ, ಊಟದ ಡಬ್ಬಿಯ ಮುಚ್ಚಳ ಬಿಗಿಯುತ್ತ. ಕೇಳಿಸಿಕೊಂಡದ್ದು ಡ್ರಿಲ್ ಮೇಷ್ಟ್ರು ಒಬ್ಬರೇ, ಅದೂ ಅರ್ಧ ಕಿವಿಯಲ್ಲಿ. ಊಟವಾದ ಮೇಲೆ ಅವರ ಇನ್ನರ್ಧ ಕಿವಿ ಮಲಗಿರುತ್ತಿತ್ತು.

"ಅಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀರಿ? ಎಲ್ಲರ ಜೊತೆ ಕೂಗಿಬಿಡಿ. ಪ್ರೀತಿಸ್ತೀನಿ ಅಂದರೆ ಯಾರಾದರೂ ಬಂದು ಅಳತೆ ಮಾಡ್ತಾರಾ?" ಅಂದರು ಅವರು.

"ಕೂಗೋದೇನೋ ಸುಲಭ. ಆದ್ರೆ ಪ್ರಮಾಣ ಅಂದ ಮೇಲೆ ಅದು ಪ್ರಮಾಣ ತಾನೆ?"

ಶಾಲೆಗೆ ಹೊಸದಾಗಿ ಬಂದ ದೊಡ್ಡ ಮೇಡಂ ಎಲ್ಲೋ ತರಬೇತಿಗೆ ಹೋಗಿದ್ದವರು ಈ ಪ್ರಮಾಣವಚನವನ್ನು ಕೈಯಲ್ಲಿ ಹಿಡಿದುಕೊಂಡೇ ವಾಪಸ್ಸು ಬಂದಿದ್ದರು. ಗಾಜು ಹಾಕಿಸಿ ಬಾಗಿಲ ಪಕ್ಕ ತೂಗುಹಾಕಿದ್ದೂ ಆಯಿತು. ಸೋಮವಾರ ಅಪ್ಪ ಅಮ್ಮಂದಿರನ್ನೆಲ್ಲ ಕರೆಸಿ, ಅವರೆದುರು ಟೀಚರುಗಳು ಬಲಗೈ ಮುಂದೆ ಚಾಚಿ ಹೇಳಬೇಕು ಅಂತ ಅಪ್ಪಣೆ.

ಲೆಕ್ಕದ ಮೇಡಂ ಈ ಕೆಲಸಕ್ಕೆ ಬಂದದ್ದು ಮಕ್ಕಳ ಮೇಲಿನ ಮಮತೆಯಿಂದಲ್ಲ. ಲೆಕ್ಕಗಳು ಎದುರು ಮಾತಾಡುವುದಿಲ್ಲ ಅನ್ನುವ ಕಾರಣಕ್ಕೆ ಲೆಕ್ಕ ಕಲಿತರು. ಕಲಿತ ಮೇಲೆ, ಎದುರು ಮಾತಾಡುವ ಮಕ್ಕಳ ನಡುವೆಯೇ ಹೊಟ್ಟೆಪಾಡು ಅಂತ ಗೊತ್ತಾಯಿತು. ಸೀರೆಗೆ ಸೀಮೆಸುಣ್ಣ ಮೆತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಅದನ್ನೇ ಮೇಜಿನ ಮೇಲೆ ಹುಡುಕುತ್ತ ಕಾಲ ಕಳೆದರು. ಹೊಗಳುವ ಅಭ್ಯಾಸವಿಲ್ಲ. ಲೆಕ್ಕ ಸರಿ ಬಂದರೆ "ಹೂಂ". ತಪ್ಪಾದರೆ "ಇದನ್ನ ಮಾಡಿದ್ದು ನೀನಾ, ನಿಮ್ಮ ಮನೆ ಬೆಕ್ಕಾ?" ಆಮೇಲೆ ಪಕ್ಕದಲ್ಲೇ ಬೆಂಚಿನ ತುದಿಗೆ ಕೂತು ಮೊದಲಿನಿಂದ ಹೇಳಿಕೊಡುವುದು. ಬೆಕ್ಕಿನ ಮಾತು ಕೇಳದೆ ಆ ಶಾಲೆಯಿಂದ ಪಾಸಾಗಿ ಹೋದವರು ಕಡಿಮೆ.

ಅವರಿಗೆ ಕಂಡರಾಗದ ಆ ಮಗು ಯಾವುದು ಅಂದರೆ, ರೇಡಿಯೋ. ಸೈಕಲ್ ರಿಪೇರಿಯವನ ಮಗಳು. ಚಾಡಿ ಹೇಳುವುದರಲ್ಲಿ ಅವಳದು ಎತ್ತಿದ ಕೈ, ಹಾಗಾಗಿ ಜೊತೆಯವರೇ ಇಟ್ಟ ಹೆಸರು. "ಮೇಡಂ, ಇವಳು ಪಕ್ಕದಲ್ಲಿ ನೋಡ್ತಿದ್ದಾಳೆ." "ಮೇಡಂ, ಅವನು ಮೇಜಿನ ಕೆಳಗೆ ತಿಂತಿದ್ದಾನೆ." "ಮೇಡಂ, ನಿಮ್ಮ ಸೆರಗಿಗೆ ಶಾಯಿ ಆಗಿದೆ, ಎಲ್ಲರೂ ನಗ್ತಿದ್ದಾರೆ, ನಾನು ಮಾತ್ರ ನಗಲಿಲ್ಲ." ಈ ಕೊನೆಯದಂತೂ ಮೇಡಂಗೆ ಉರಿಯುವ ಗಾಯಕ್ಕೆ ಉಪ್ಪು.

ಸೋಮವಾರದ ಹಿಂದಿನ ಸಂಜೆ ಪ್ರಮಾಣದ ಸುದ್ದಿ ಮನೆಯಲ್ಲೂ ಬಂತು. ಬಸ್ಸು ಓಡಿಸುವ ಗಂಡ ಜೋರಾಗಿ ನಕ್ಕ. "ನಮ್ಮ ಡಿಪೋದಲ್ಲೂ ಮಾಡಿಸಿದ್ರು ಕಣೆ. ಸುಮ್ಮಸುಮ್ಮನೆ ಹಾರ್ನ್ ಹೊಡೆಯಲ್ಲ ಅಂತ. ಗೇಟು ದಾಟೋ ಮುಂಚೆ ಹೊಡೆದೆ."

ಒಳಕೋಣೆಯಲ್ಲಿ ಮಲಗಿದ್ದ ಅತ್ತೆ ಸುಮ್ಮನಿರಲಿಲ್ಲ. "ನನ್ನನ್ನೇನು ಅವಳು ಪ್ರೀತಿಸ್ತಾಳಾ? ಮಾತ್ರೆ ಮಾತ್ರ ಹೊತ್ತಿಗೆ ಸರಿಯಾಗಿ ಬಾಯಿಗೆ ತುರುಕ್ತಾಳೆ."

"ನಿಮಗೇನು ಬೇಕು ಅತ್ತೆ, ಪ್ರೀತಿನೋ ಮಾತ್ರೆನೋ?"

"ಮಾತ್ರೇನೇ ಕೊಡಮ್ಮ. ನಿನ್ನ ಪ್ರೀತಿ ತಗೊಂಡು ಮಂಡಿಗೆ ಹಚ್ಚಿಕೊಳ್ಳಲಾ?"

ಮರುದಿನ ಅಂಗಳದ ತುಂಬ ಜನ. ದೊಡ್ಡ ಮೇಡಂ ಒಂದೊಂದೇ ಮಾತು ಹೇಳುವುದು, ಟೀಚರುಗಳು ಒಕ್ಕೊರಲಿನಿಂದ ಅನ್ನುವುದು. ಡ್ರಿಲ್ ಮೇಷ್ಟ್ರ ಗಂಟಲು ಎಲ್ಲರದನ್ನೂ ಮುಳುಗಿಸುತ್ತಿತ್ತು. ಲೆಕ್ಕದ ಮೇಡಂ ನಾಲ್ಕನೆಯದರವರೆಗೂ ಚೆನ್ನಾಗಿಯೇ ಹೇಳಿದರು. ಐದನೆಯದು ಬಂದಾಗ ತುಟಿ ಹೊಲಿದುಕೊಂಡು ನಿಂತರು. ಇಷ್ಟು ಗದ್ದಲದಲ್ಲಿ ಒಂದು ಬಾಯಿ ಮುಚ್ಚಿದ್ದು ಯಾರಿಗೆ ಕಾಣುತ್ತೆ ಅಂತ ಅವರ ಎಣಿಕೆ. ಆರನೆಯದಕ್ಕೆ ಮತ್ತೆ ಬಾಯಿ ತೆರೆದರು.

"ಮೇಡಂ! ಲೆಕ್ಕದ ಮೇಡಂ ಐದನೇದು ಹೇಳಲೇ ಇಲ್ಲ!"

ಬೇರೆ ಯಾರಾಗಿರುತ್ತಾರೆ? ಮುಂದಿನ ಸಾಲಲ್ಲಿ ನಿಂತು ರೇಡಿಯೋ ಕೈಯೆತ್ತಿದ್ದಳು.

ಅಂಗಳದ ಕತ್ತುಗಳೆಲ್ಲ ಲೆಕ್ಕದ ಮೇಡಂ ಕಡೆ ತಿರುಗಿದವು. ದೊಡ್ಡ ಮೇಡಂ ನಗುವ ಪ್ರಯತ್ನ ಮಾಡಿದರು. "ಕೇಳಿಸಲಿಲ್ಲವೇನೋ. ಇನ್ನೊಂದು ಸಲ, ನೀವೊಬ್ಬರೇ ಹೇಳಿಬಿಡಿ."

ಲೆಕ್ಕದ ಮೇಡಂ ಚಾಚಿದ ಕೈ ಇಳಿಸಿದರು. "ಆಗಲ್ಲ ಮೇಡಂ. ಒಂದು ಮಗು ಕಂಡರೆ ನನಗೆ ಆಗಲ್ಲ. ಆಗುತ್ತೆ ಅಂತ ಹೇಗೆ ಹೇಳಲಿ? ಉಳಿದದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ."

ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ತಾಯಂದಿರೆಲ್ಲ ತಮ್ಮ ತಮ್ಮ ಮಕ್ಕಳ ಮುಖ ನೋಡಿದರು. ಸಂಜೆ ಗೇಟಿನ ಬಳಿ ಮೇಡಂಗೆ ಕಾಲಿಡಲೂ ಜಾಗವಿಲ್ಲ. "ನಮ್ಮವನಲ್ಲ ತಾನೆ ಮೇಡಂ? ಸ್ವಲ್ಪ ತುಂಟ, ಅಷ್ಟೆ." "ನಮ್ಮವಳು ಉಗುರು ಕಚ್ತಾಳೆ, ಅದಕ್ಕಾ?" ಒಬ್ಬಾಕೆಯಂತೂ "ನಮ್ಮವನೇ ಅಂತ ನನಗೆ ಗೊತ್ತು, ನನಗೂ ಒಮ್ಮೊಮ್ಮೆ ಹಾಗೇ ಅನ್ಸುತ್ತೆ" ಅಂತ ಅತ್ತೇಬಿಟ್ಟಳು. ಮೇಡಂ ಯಾರಿಗೂ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಒಬ್ಬರಿಗೆ ಅಲ್ಲ ಅಂದರೆ ಸಾಕು, ಉಳಿದವರು ಸೋಸಿ ಸೋಸಿ ಕೊನೆಗೆ ರೇಡಿಯೋ ಹತ್ತಿರ ಬಂದು ನಿಲ್ಲುತ್ತಾರೆ ಅಂತ ಅವರಿಗೆ ಗೊತ್ತಿತ್ತು.

ದೊಡ್ಡ ಮೇಡಂ ಬಾಗಿಲು ಹಾಕಿಕೊಂಡು ಕೇಳಿದರು. "ಆ ಮಗು ಯಾವುದು ಹೇಳಿ. ಬೇರೆ ಸೆಕ್ಷನ್ನಿಗೆ ಹಾಕ್ತೀನಿ, ಅಲ್ಲಿಗೆ ಮುಗೀತು."

"ಹೇಳಿದರೆ ಇಡೀ ಶಾಲೆ ಅದನ್ನ ಬೆರಳು ಮಾಡಿ ತೋರಿಸುತ್ತೆ. ನನಗಾಗಲ್ಲ ಅಂದರೆ ಅದು ನನ್ನ ಹೊಟ್ಟೆಯ ಸಂಕಟ. ಮಗು ಯಾಕೆ ಹೊರಬೇಕು?"

"ಹೇಳದಿದ್ದರೆ ನಿಮಗೆ ಕ್ಲಾಸ್ ಕೊಡೋಕೆ ನನಗಾಗಲ್ಲ. ಅಪ್ಪ ಅಮ್ಮಂದಿರು ನನ್ನ ತಲೆ ತಿಂತಿದ್ದಾರೆ. ಪರೀಕ್ಷೆ ಬೇರೆ ಹತ್ತಿರ ಬಂತು."

"ಪರೀಕ್ಷೆ ಹತ್ತಿರ ಬಂತು ಅಂತಲೇ ಹೇಳ್ತಿರೋದು, ನನ್ನನ್ನ ಕ್ಲಾಸಿಗೆ ಬಿಡಿ."

ಇಬ್ಬರೂ ಪಟ್ಟು ಬಿಡಲಿಲ್ಲ. ಮರುದಿನದಿಂದ ಮೇಡಂಗೆ ಸಾಮಾನಿನ ಕೋಣೆ. ಮುರಿದ ಬೆಂಚು, ಹರಿದ ಭೂಪಟ, ಕಾಲು ಕಳಕೊಂಡ ಮೇಜು, ಇವುಗಳನ್ನು ವಿಂಗಡಿಸುವ ಕೆಲಸ. ಲೆಕ್ಕದ ತರಗತಿ ಡ್ರಿಲ್ ಮೇಷ್ಟ್ರ ಪಾಲಿಗೆ ಬಂತು. ಅವರು ಎಲ್ಲ ಮಕ್ಕಳನ್ನೂ ಸಮನಾಗಿ ಪ್ರೀತಿಸಿದರು. ಒಬ್ಬರಿಗೂ ಏನೂ ಹೇಳಿಕೊಡಲಿಲ್ಲ. ಅವರ ಲೆಕ್ಕವೆಲ್ಲ ಎಡ ಬಲ, ಎಡ ಬಲ ಅನ್ನುವಲ್ಲಿಗೆ ಮುಗಿಯುತ್ತಿತ್ತು. ಮಕ್ಕಳ ಕೈಲಿ ಪುಸ್ತಕ ತೆರೆಸಿ, ತಾವು ಕಣ್ಣು ಮುಚ್ಚುತ್ತಿದ್ದರು.

ಸಾಮಾನಿನ ಕೋಣೆಯಲ್ಲಿ ಕೂತ ಮೇಡಂಗೆ ಗೋಡೆಯಾಚೆಯ ಗೊರಕೆ ಕೇಳಿ ಕೈ ಕೈ ಹಿಸುಕಿಕೊಳ್ಳುವ ಹಾಗಾಗುತ್ತಿತ್ತು. ಮಕ್ಕಳು ಫೇಲಾದರೆ ಐದನೆಯ ಮಾತು ಅವರನ್ನು ಪಾಸು ಮಾಡಿಸುತ್ತಾ? ಸುಮ್ಮನೆ ಒಂದು ಸುಳ್ಳು ಹೇಳಿ ಕ್ಲಾಸಿಗೆ ಹೋಗಿಬಿಡಲಾ ಅಂತ ದಿನಾ ಅನ್ನಿಸುತ್ತಿತ್ತು. ದಿನಾ ಬಾಯಿವರೆಗೆ ಬಂದು ಅಲ್ಲೇ ಕಚ್ಚಿಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ ಬಾಗಿಲಲ್ಲಿ ರೇಡಿಯೋ.

"ಮೇಡಂ, ಡ್ರಿಲ್ ಮೇಷ್ಟ್ರು ಮಲಗಿದ್ದಾರೆ."

"ಗೊತ್ತು, ಕೇಳಿಸುತ್ತೆ."

"ಈ ಲೆಕ್ಕ ಬರ್ತಿಲ್ಲ. ಆರು ಜನ ಗೋಡೆ ಕಟ್ಟೋದು." ಪುಸ್ತಕ ಮುಂದೆ ಹಿಡಿದಳು. ಮೇಡಂ ಹಿಡಿದರೂ ತನ್ನ ಕೈ ಬಿಡಲಿಲ್ಲ. ಆಮೇಲೆ ಕೇಳಿದಳು. "ಆ ಮಗು ನಾನೇ ಅಲ್ವಾ ಮೇಡಂ?"

ಮೇಡಂ ಕನ್ನಡಕ ಹಣೆಯಿಂದ ಇಳಿಸಿದರು. ಸುಳ್ಳು ಹೇಳುವವರಾಗಿದ್ದರೆ ಈ ಧೂಳಿನಲ್ಲಿ ಯಾಕೆ ಕೂತಿರುತ್ತಿದ್ದರು?

"ಹೂಂ. ನೀನೇ."

ಹುಡುಗಿ ಮುಖ ಸ್ವಲ್ಪ ಹೊತ್ತು ಸಣ್ಣದಾಯಿತು. "ಯಾಕೆ?"

"ಎಲ್ಲರ ಮೇಲೂ ಚಾಡಿ ಹೇಳ್ತೀಯ. ನನ್ನ ಮೇಲೂ ಹೇಳಿದೆ. ನಿನಗೆ ನನ್ನ ಕಂಡರೆ ಆಗುತ್ತಾ?"

"ಇಲ್ಲ." ಕೂಡಲೇ ಬಂತು ಉತ್ತರ. "ನೀವು ಬೆಕ್ಕು ಅಂತೀರಿ. ನಮ್ಮನೇಲಿ ಬೆಕ್ಕೇ ಇಲ್ಲ."

"ಹಾಗಾದರೆ ಇಬ್ಬರದೂ ಸಮ ಆಯ್ತು. ಕೂತ್ಕೋ. ಆರು ಜನ ಕಟ್ಟೋದನ್ನ ಒಬ್ಬನೇ ಕಟ್ಟಿದರೆ ಹೆಚ್ಚು ದಿನ ಬೇಕೋ, ಕಡಿಮೆಯೋ?"

"ಹೆಚ್ಚು."

"ಬರೀ ಮತ್ತೆ."

ಲೆಕ್ಕ ಬರೋವರೆಗೂ ಮುರಿದ ಬೆಂಚಿನ ಮೇಲೆ ಇಬ್ಬರೂ ಕೂತರು. ಬಂದಾಗ ಮೇಡಂ "ಹೂಂ" ಅಂದರು.

ಶಾಲೆ ಬಿಡುವಷ್ಟರಲ್ಲಿ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಹಬ್ಬಿಸಿದ್ದು ಅವಳೇ. "ಲೆಕ್ಕದ ಮೇಡಂಗೆ ಕಂಡರಾಗದವಳು ನಾನೇ, ಅವರೇ ಹೇಳಿದರು" ಅಂತ ಬಹುಮಾನ ಬಂದವಳ ಹಾಗೆ ಸಾರಿಕೊಂಡು ತಿರುಗಿದಳು. ಉಳಿದ ತಾಯಂದಿರು ಉಸಿರು ಬಿಟ್ಟರು. ಮರುದಿನ ದೊಡ್ಡ ಮೇಡಂ ಸೈಕಲ್ ಅಂಗಡಿಗೆ ಹೇಳಿ ಕಳಿಸಿದರು. ಅವಳ ಅಪ್ಪ ಗ್ರೀಸ್ ಮೆತ್ತಿದ ಕೈ ಬೆನ್ನ ಹಿಂದೆ ಇಟ್ಟುಕೊಂಡು ಬಂದು ನಿಂತ.

"ನಿಮ್ಮ ಮಗಳನ್ನ ಬೇರೆ ಸೆಕ್ಷನ್ನಿಗೆ ಹಾಕ್ತೀವಿ, ಬೇಜಾರು ಮಾಡ್ಕೋಬೇಡಿ."

"ಬೇಡ ಮೇಡಂ. ನಾನು ಕದ್ದು ಒಂದು ಬೀಡಿ ಸೇದಿದರೂ ಅವರಮ್ಮನಿಗೆ ಹೇಳ್ತಾಳೆ. ನನಗೇ ತಡಕೊಳ್ಳೋಕೆ ಆಗಲ್ಲ, ಅವರಿಗೆ ಹೇಗಾಗುತ್ತೆ? ಪ್ರೀತಿ ಮಾಡೋದಕ್ಕೆ ನಾವಿದ್ದೀವಿ. ನಿನ್ನೆ ಗೋಡೆ ಲೆಕ್ಕವನ್ನ ನನಗೇ ಹೇಳಿಕೊಟ್ಟಳು. ಆ ಮೇಡಮ್ಮನ್ನೇ ಕ್ಲಾಸಿಗೆ ಕಳಿಸಿ."

ದೊಡ್ಡ ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಗೋಡೆಯಾಚೆಯ ಗೊರಕೆ ಅವರ ಕಿವಿಗೂ ಬಿದ್ದಿರಬೇಕು. "ಪರೀಕ್ಷೆ ಮುಗಿಯೋವರೆಗೆ ಮಾತ್ರ" ಅಂದರು. ಗಾಜಿನ ಹಿಂದಿನ ಪ್ರಮಾಣವನ್ನು ಮಾತ್ರ ತೆಗೆಸಲಿಲ್ಲ, ಒಂದಕ್ಷರವನ್ನೂ ತಿದ್ದಿಸಲಿಲ್ಲ.

ಮೇಡಂ ಮರಳಿ ಕ್ಲಾಸಿಗೆ ಕಾಲಿಟ್ಟು ಸೀಮೆಸುಣ್ಣ ಹಿಡಿದಿದ್ದರೋ ಇಲ್ಲವೋ, ಮುಂದಿನ ಬೆಂಚಿನಿಂದ ಕೈ ಮೇಲೆದ್ದಿತು. "ಮೇಡಂ, ನೀವಿಲ್ಲದಾಗ ಕಿಟಕಿ ಗಾಜು ಒಡೆದದ್ದು ಯಾರು ಗೊತ್ತಾ?" ಬೆಳಗಿನ ಕಾಫಿ ಸೀದಾ ಗಂಟಲಿಗೆ ಬಂತು. ಎಳ್ಳಷ್ಟೂ ಪ್ರೀತಿ ಹುಟ್ಟಿರಲಿಲ್ಲ. "ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಪುಸ್ತಕ ತೆಗಿ" ಅಂದರು ಮೇಡಂ.

ಆ ಸಂಜೆ ಮನೆಗೆ ಬಂದಾಗ ನಲ್ಲಿಯಲ್ಲಿ ನೀರು ಬರುತ್ತಿತ್ತು. ಕ್ಲಾಸ್ ಸಿಕ್ಕಿತಾ ಅಂತ ಗಂಡ ಒಳಗಿಂದ ಕೂಗಿ ಕೇಳಿದ. "ಹೂಂ" ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಕೆಟ್ಟು ತೊಳೆದು ನಲ್ಲಿಯ ಕೆಳಗಿಟ್ಟರು. ನೋಯುವ ಬಲಭುಜಕ್ಕೆ ಕೆಲಸ ಕೊಡದೆ, ತುಂಬಿದ್ದನ್ನು ಎಡಗೈಯಲ್ಲಿ ಎತ್ತಿ ಬಚ್ಚಲಿನ ಡ್ರಮ್ಮಿಗೆ ಸುರಿದು, ಖಾಲಿ ಬಕೆಟ್ಟನ್ನು ಮತ್ತೆ ತಂದಿಟ್ಟರು.