ನಟ್ಟಿನ ಮೇಲಿನ ಹಳದಿ ಗೆರೆ

ಇಂಥ ಸಂಗತಿಗಳನ್ನು ನಂಬುವ ಜಾತಿಯವನು ನಾನಲ್ಲ. ವೆಂಬ್ಲಿಯಲ್ಲಿ ನಮ್ಮವರು ಯುಗಾದಿಗೆ ಸೇರಿದಾಗ, ಊಟವಾದ ಮೇಲೆ ಯಾರಾದರೂ ಕನಸಿನದ್ದೋ ದೆವ್ವದ್ದೋ ಕಥೆ ತೆಗೆದರೆ ಕಾಫಿಯ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಕುಂದಾಪುರ ಬಿಟ್ಟವನು, ಹತ್ತು ವರ್ಷ ಊರೂರಿನ ಗ್ಯಾರೇಜುಗಳಲ್ಲಿ ಕೆಲಸ ಕಲಿತು, ಹನ್ನೊಂದು ವರ್ಷ ಗಲ್ಫಿನ ಮರುಭೂಮಿಯಲ್ಲಿ ಪ್ರವಾಸಿಗರನ್ನು ಮರಳಿಗೆ ಕರೆದೊಯ್ಯುವ ಕಂಪನಿಯ ಗಾಡಿ ರಿಪೇರಿ ಮಾಡಿದೆ. ಆಮೇಲೆ ಲಂಡನ್ನಿಗೆ ಬಂದು ಹೌನ್ಸ್ಲೋದ ಒಂದು ಗ್ಯಾರೇಜಿನಲ್ಲಿ ರಿಟೈರ್ ಆಗುವವರೆಗೆ ದುಡಿದೆ. ಗಾಡಿ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ. ಬದುಕಿನಲ್ಲಿ ನಾನು ನಂಬಿದ್ದು ಅಷ್ಟನ್ನೇ.

ಎರಡು ವರ್ಷದ ಹಿಂದಿನ ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ನಡೆದದ್ದಕ್ಕೆ ಮಾತ್ರ ನನಗೆ ಇವತ್ತಿಗೂ ಕಾರಣ ಸಿಕ್ಕಿಲ್ಲ. ಅದನ್ನು ಹೇಳಬೇಕಾದರೆ ಅದಕ್ಕೂ ಹಳೆಯ ನನ್ನ ಒಂದು ಪಾಪವನ್ನೂ ಹೇಳಬೇಕು. ಇದುವರೆಗೆ ಬರೆಯದೆ ಉಳಿದದ್ದು ಅದೇ ಕಾರಣಕ್ಕೆ.

ಗಲ್ಫಿನಲ್ಲಿ ನನ್ನ ಜೊತೆಗಾರ ಸದಾನಂದ. ಬೈಂದೂರು ಕಡೆಯವನು. ಗಾಡಿ ರಿಪೇರಿಯನ್ನೂ ಮಾಡುತ್ತಿದ್ದ, ಮರಳಿನಲ್ಲಿ ಓಡಿಸುತ್ತಲೂ ಇದ್ದ. ನಮ್ಮಲ್ಲಿ ಒಂದು ಪದ್ಧತಿ ಇತ್ತು. ನಟ್ಟನ್ನು ಪೂರ್ತಿ ಬಿಗಿದ ಮೇಲೆ ನಟ್ಟಿನಿಂದ ಅದರ ಪಕ್ಕದ ಕಬ್ಬಿಣದವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆಯುವುದು. ಮರಳಿನ ಕುಲುಕಾಟಕ್ಕೆ ನಟ್ಟು ಸಡಿಲಾದರೆ ಗೆರೆ ತುಂಡಾಗಿ ಕಾಣುತ್ತದೆ. ಬಗ್ಗಿ ಒಮ್ಮೆ ನೋಡಿದರೆ ಸಾಕು. ನನ್ನದು ಬಿಳಿ ಬಣ್ಣ, ಅವನದು ಹಳದಿ. ಅವನ ಬಲಗೈ ತೋರುಬೆರಳಿನ ತುದಿ ಫ್ಯಾನ್ ಬೆಲ್ಟಿಗೆ ಸಿಕ್ಕಿ ಹೋಗಿತ್ತು. ಹಾಗಾಗಿ ಅವನ ಗೆರೆ ಕೊನೆಯಲ್ಲಿ ಎಡಕ್ಕೆ ಸಣ್ಣ ಕೊಕ್ಕೆಯ ಹಾಗೆ ತಿರುಗುತ್ತಿತ್ತು. ಇಡೀ ಗ್ಯಾರೇಜಿನಲ್ಲಿ ಅಂಥ ಗೆರೆ ಇನ್ನೊಬ್ಬರದ್ದಿರಲಿಲ್ಲ.

ಮುಂದಿನ ಚಕ್ರಗಳ ಆಕ್ಸಲ್ ಅತ್ತಿತ್ತ ಸರಿಯದಂತೆ ಹಿಡಿದಿಡುವ ಉದ್ದನೆಯ ಒಂದು ರಾಡ್ ಇರುತ್ತದೆ. ಅದರ ತುದಿಯ ರಬ್ಬರ್ ಬುಷ್ ಬದಲಾಯಿಸಿದಾಗ ನಟ್ಟನ್ನು ಕೈಯಲ್ಲಷ್ಟೇ ತಿರುಗಿಸಿಟ್ಟು, ಗಾಡಿಯನ್ನು ಜಾಕಿನಿಂದ ಇಳಿಸಿ, ಭಾರ ಚಕ್ರದ ಮೇಲೆ ಕೂತ ನಂತರ ಬಿಗಿಯಬೇಕು. ಒಂದು ದಿನ ನಾನು, ಮತ್ತೆ ಬ್ರಷ್ ಹಿಡಿದು ಅಡಿಗೆ ತೂರುವ ಕೆಲಸ ತಪ್ಪಲಿ, ಬಿಗಿದಾಗ ಗೆರೆ ಸರಿದರೆ ಬೆರಳಲ್ಲೇ ತಿದ್ದಿದರಾಯಿತು ಎಂದು, ಬಿಗಿಯುವ ಮೊದಲೇ ಗೆರೆ ಎಳೆದುಬಿಟ್ಟೆ. ಇಳಿಸಿದ ಮೇಲೆ ಬಿಗಿಯುವುದು ಮರೆತೇ ಹೋಯಿತು. ಸದಾನಂದ ಬಗ್ಗಿ ನೋಡಿದ; ಗೆರೆ ನೆಟ್ಟಗಿತ್ತು; ನಂಬಿ ಹೊರಟ. ಮರಳ ದಿಬ್ಬದ ಇಳಿಜಾರಿನಲ್ಲಿ ರಾಡ್ ಕಳಚಿ ಗಾಡಿ ಮಗುಚಿತು. ಪುಣ್ಯಕ್ಕೆ ಅವನೊಬ್ಬನೇ ಇದ್ದ. ತೊಡೆಯ ಮೂಳೆ ಮುರಿಯಿತು.

ಗಾಡಿ ತರಲು ಹೋದವನು ನಾನೇ. ಕಬ್ಬಿಣದ ಮೇಲೆ ಉಳಿದಿದ್ದ ನನ್ನ ಅರ್ಧ ಬಿಳಿ ಗೆರೆಯನ್ನು ಉಗುರಿನಿಂದ ಕೆರೆದು ತೆಗೆದೆ. ಕೊನೆಗೆ ಕೈ ಹಾಕಿದ್ದು ಯಾರು ಎಂದು ಕಂಪನಿಯವರು ಕೇಳಿದಾಗ ಸದಾನಂದ ಎಂದೆ. ಆಸ್ಪತ್ರೆಯಿಂದಲೇ ಅವನನ್ನು ಕೆಲಸದಿಂದ ಬಿಡಿಸಿ ಊರಿಗೆ ಕಳಿಸಿದರು. ವಿಮಾನ ನಿಲ್ದಾಣಕ್ಕೂ ನಾನು ಹೋಗಲಿಲ್ಲ. ಇಪ್ಪತ್ತಾರು ವರ್ಷ ಅವನಿಗೆ ಒಂದು ಫೋನ್ ಮಾಡಲಿಲ್ಲ.

ಈಗ ಲಂಡನ್ನಿಗೆ, ಎರಡು ವರ್ಷದ ಹಿಂದಕ್ಕೆ ಬರೋಣ. ಸ್ಟ್ಯಾನ್ಮೋರಿನ ಡಾಕ್ಟರ್ ವಿಜಯಾ ಧಾರವಾಡದವರು. ಮೂವತ್ತು ವರ್ಷ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಆ ವರ್ಷ ನಿವೃತ್ತರಾಗಿದ್ದರು. ಯುಗಾದಿ ಊಟದ ಸಾಲಿನಲ್ಲಿ ನಿಂತಾಗ, ತಟ್ಟೆ ಹಿಡಿದುಕೊಂಡೇ ನನ್ನನ್ನು ಕೇಳಿದರು.

"ಅಣ್ಣಾರ, ನೀವು ಮರುಭೂಮಿಯೊಳಗ ಗಾಡಿ ರಿಪೇರಿ ಮಾಡಿದವರಂತ. ನಾ ಮೊರಾಕ್ಕೋದಾಗ ಮರಳಿನ್ಯಾಗ ನಾನ ಗಾಡಿ ಹೊಡೀಬೇಕಂತ ಮಾಡೀನಿ. ಗಾಡಿ ಆರಿಸಿ ಕೊಡ್ರಿ."

ಹಿಂದೆ ನಿಂತಿದ್ದ ಅವರ ಗಂಡ ಶ್ರೀಕಾಂತರು ನಕ್ಕರು. "ಕೇಳ್ರಿ ಇಕಿ ಮಾತ. ಸ್ಟೇಷನ್ ಕಾರ್ ಪಾರ್ಕಿನ್ಯಾಗ ರಿವರ್ಸ್ ತಗೀಲಿಕ್ಕೆ ಹತ್ತು ನಿಮಿಷ ಬೇಕು. ಇಕಿ ದಿಬ್ಬಾ ಏರ್ತಾಳಂತ!"

"ದಿಬ್ಬದ ಮ್ಯಾಲ ರಿವರ್ಸ್ ಯಾರು ತಗೀತಾರ? ನೀವು ಬಾಜೂಕ ಕೂತು ಬಾಯಿ ಮುಚ್ಚಿಕೊಂಡರ ಸಾಕು," ಎಂದರು ವಿಜಯಾ.

ಅವರ ಮನಸ್ಸಿನಲ್ಲಿದ್ದದ್ದು ಶೋರೂಮಿನ ಹೊಸ ಎಸ್‌ಯುವಿ: ಟಿವಿಯಷ್ಟು ದೊಡ್ಡ ಸ್ಕ್ರೀನು, ದೊಡ್ಡ ರಿಮ್ಮು, ತೆಳ್ಳನೆಯ ಟೈರು. ಬೇಡ ಎಂದೆ. ಮರಳಿಗೆ ಇಳಿಯುವಾಗ ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸಬೇಕು, ಆಗ ಟೈರು ಒಂಟೆಯ ಪಾದದ ಹಾಗೆ ಅಗಲವಾಗಿ ಮರಳಿನ ಮೇಲೆ ಕೂರುತ್ತದೆ. ತೆಳ್ಳನೆಯ ಟೈರಿನಲ್ಲಿ ಇಳಿಸುವುದಕ್ಕೆ ಗಾಳಿಯೇ ಇರುವುದಿಲ್ಲ. ಗಟ್ಟಿ ಚಾಸಿಯ, ಅಂದರೆ ಕಬ್ಬಿಣದ ಚೌಕಟ್ಟಿನ ಮೇಲೆ ಬಾಡಿ ಬೇರೆಯಾಗಿ ಕೂತ ಗಾಡಿ ಬೇಕು. ನಿಧಾನವಾಗಿ ಬಲವಾಗಿ ಎಳೆಯುವ ಲೋ ಗೇರ್ ಇರಬೇಕು. ಭಾರ ಕಡಿಮೆ ಇದ್ದಷ್ಟು ಒಳ್ಳೆಯದು. ಕೆಟ್ಟರೆ ಮರುಭೂಮಿಯ ಮೆಕ್ಯಾನಿಕ್ ಸ್ಪ್ಯಾನರಿನಲ್ಲೇ ಸರಿಮಾಡುವಂತಿರಬೇಕು. ಹಳೆಯ ಡೀಸೆಲ್ ಆದರೆ ಲಂಡನ್ನಿನ ಹೊಗೆಯ ನಿಯಮ ದಿನಾ ದಂಡ ಹಾಕುತ್ತದೆ, ಆದ್ದರಿಂದ ಪೆಟ್ರೋಲ್. ಎಲ್ಲಕ್ಕಿಂತ ಮುಖ್ಯ ಇನ್ನೊಂದು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಮೇಲೆ ಕನ್ನಡಿಯಂತೆ ಹೊಳೆಯುವ ಗಾಡಿಯ ಚಾಸಿ ಅಡಿಯಲ್ಲಿ ತುಕ್ಕು ಹಿಡಿದು ಹಪ್ಪಳವಾಗಿರುತ್ತದೆ.

ಆರು ಗಾಡಿಗಳ ಅಡಿ ಮಲಗಿದೆ. ಏಳನೆಯದು ಅಕ್ಸ್‌ಬ್ರಿಜ್ ಹತ್ತಿರ ಒಬ್ಬ ಮುದುಕನದ್ದು. ಹದಿನೈದು ವರ್ಷ ಹಳೆಯದು, ಬಣ್ಣ ಮಾಸಿತ್ತು, ಸೀಟು ಹರಿದಿತ್ತು. ಆತ ಪ್ರತಿ ಚಳಿಗಾಲದ ಮೊದಲು ಚಾಸಿಗೆ ಮೇಣ ಬಳಿಯುತ್ತಿದ್ದನಂತೆ. ಸುತ್ತಿಗೆಯಿಂದ ತಟ್ಟಿದರೆ ದೇವಸ್ಥಾನದ ಗಂಟೆಯಂತೆ ಶಬ್ದ ಬಂತು. "ಇದೇ," ಎಂದೆ. ಶ್ರೀಕಾಂತರ ಮುಖ ಸಣ್ಣದಾಯಿತು. "ಇದರೊಳಗ ಕೂತು ಸ್ಟ್ಯಾನ್ಮೋರಿನ್ಯಾಗ ಹೋದರ ನಮ್ಮ ಓಣಿ ಮಂದಿ ಪೈಪ್ ರಿಪೇರಿಯವ ಬಂದಾನ ಅಂತಾರ!"

ಬೇಸಿಗೆಯೆಲ್ಲ ಆ ಗಾಡಿ ನನ್ನ ಮನೆಯ ಮುಂದೆಯೇ ನಿಂತಿತ್ತು. ರೇಡಿಯೇಟರ್ ತೊಳೆಸಿದೆ, ರಬ್ಬರ್ ಪೈಪು, ಬೆಲ್ಟು, ಏರ್ ಫಿಲ್ಟರ್ ಎಲ್ಲ ಹೊಸದು ಹಾಕಿದೆ. ವಿಜಯಾ ವಾರಕ್ಕೊಮ್ಮೆ ಬಂದು ಎಲ್ಲ ಕಲಿತರು. ಮರಳಿನ ಧೂಳು ಕುಡಿದ ಫಿಲ್ಟರನ್ನು ದಿನಾ ಸಂಜೆ ಬಿಚ್ಚಿ ತಟ್ಟುವುದು, ಗಾಳಿ ಇಳಿಸುವುದು, ಮತ್ತೆ ತುಂಬುವುದು, ಹೂತ ಚಕ್ರದ ಕೆಳಗೆ ಹಲಗೆ ಕೊಡುವುದು. ನಾನು ಪ್ರತಿ ನಟ್ಟಿಗೆ ಬಿಳಿ ಗೆರೆ ಎಳೆದೆ. ಅದರ ಅರ್ಥವನ್ನೂ ಹೇಳಿಕೊಟ್ಟೆ.

ಕೊನೆಗೆ ಉಳಿದದ್ದು ಮುಂದಿನ ರಾಡಿನ ಬುಷ್. ಹೊರಡಲು ಎರಡು ದಿನ ಇರುವಾಗ ಅದನ್ನು ಹಾಕಿದೆ. ಮರುದಿನ ಗಾಡಿಯನ್ನು ಅವರ ಮನೆಗೆ ಮುಟ್ಟಿಸಿದೆ. ಅದರ ಮರುದಿನ ಬೆಳಿಗ್ಗೆ ಅವರು ಪೋರ್ಟ್ಸ್‌ಮತ್‌ಗೆ ಹೋಗಿ ಹಡಗು ಹತ್ತುವವರು. ಬೀಳ್ಕೊಡಲೆಂದು ಏಳು ಗಂಟೆಗೆ ಸ್ಟ್ಯಾನ್ಮೋರಿಗೆ ಹೋದೆ.

ಒಳ್ಳೆಯ ಬಿಸಿಲು ಬಂದಿತ್ತು. ವಿಜಯಾ ಚಹಾ ತರಲು ಒಳಗೆ ಹೋದರು. ಅಭ್ಯಾಸಬಲದಿಂದ ನಾನು ಚಾಪೆ ಹಾಸಿ ಗಾಡಿಯ ಅಡಿಗೆ ತೂರಿದೆ. ಬಿಳಿ ಗೆರೆಗಳನ್ನು ಒಂದೊಂದಾಗಿ ನೋಡುತ್ತ ಬಂದೆ. ಎಲ್ಲ ನೆಟ್ಟಗಿದ್ದವು. ಮುಂದಿನ ರಾಡಿನ ಹತ್ತಿರ ಬಂದಾಗ ನನ್ನ ಕೈ ನಿಂತಿತು.

ಅಲ್ಲಿ ನನ್ನ ಬಿಳಿ ಗೆರೆಯ ಜೊತೆಗೆ ಒಂದು ಹಳದಿ ಗೆರೆಯಿತ್ತು. ನೆಟ್ಟಗಿರಲಿಲ್ಲ, ತುಂಡಾಗಿತ್ತು, ಅರ್ಧ ನಟ್ಟಿನ ಮೇಲೆ ಒಂದು ಕಡೆ, ಅರ್ಧ ಕಬ್ಬಿಣದ ಮೇಲೆ ಇನ್ನೊಂದು ಕಡೆ. ಕಬ್ಬಿಣದ ಮೇಲಿನ ತುದಿ ಎಡಕ್ಕೆ ಕೊಕ್ಕೆಯಂತೆ ತಿರುಗಿತ್ತು. ಮುಟ್ಟಿದೆ. ಬೆರಳಿಗೆ ಬಣ್ಣ ಅಂಟಿತು, ಇನ್ನೂ ಒಣಗಿರಲಿಲ್ಲ.

ತುಂಡಾದ ಗೆರೆ ಕಂಡರೆ ಮೆಕ್ಯಾನಿಕ್ಕಿನ ಕೈ ತಾನಾಗಿ ಸ್ಪ್ಯಾನರಿಗೆ ಹೋಗುತ್ತದೆ. ಇಟ್ಟು ತಿರುಗಿಸಿದೆ. ನಟ್ಟು ಬೆಣ್ಣೆಯಲ್ಲಿದ್ದ ಹಾಗೆ ತಿರುಗಿತು. ಆಗ ನೆನಪಾಯಿತು. ಜಾಕಿ ಇಳಿಸುವ ಮೊದಲೇ ಗೆರೆ ಎಳೆದಿದ್ದೆ. ಅಷ್ಟರಲ್ಲಿ ಮನೆಯವಳು ಊಟಕ್ಕೆ ಕರೆದಿದ್ದಳು, ಆಮೇಲೆ ಮಳೆ ಬಂದಿತ್ತು. ಅದೇ ರಾಡು, ಅದೇ ತಪ್ಪು.

ಉಸಿರು ಬಿಗಿಹಿಡಿದು, ಬಿಗಿ ಸಾಕೆಂದು ಸ್ಪ್ಯಾನರ್ ಕಟ್ ಎಂದು ಸದ್ದು ಮಾಡುವವರೆಗೆ ಬಿಗಿದೆ. ನನ್ನ ಬಿಳಿ ಗೆರೆ ತುಂಡಾಗಿ ಅರ್ಧ ಅತ್ತ ಹೋಯಿತು. ಹಳದಿ ಗೆರೆಯ ಎರಡು ಅರ್ಧಗಳು ಬಂದು ಕೂಡಿಕೊಂಡವು. ಒಂದು ಕೂದಲಿನ ಎಳೆಯಷ್ಟೂ ಅಂತರವಿಲ್ಲದೆ, ನಟ್ಟಿನಿಂದ ಕಬ್ಬಿಣದವರೆಗೆ ಒಂದೇ ಗೆರೆ, ಕೊನೆಯಲ್ಲಿ ಕೊಕ್ಕೆ. ನಟ್ಟು ಎಲ್ಲಿಗೆ ಬಂದು ನಿಲ್ಲಬೇಕು ಎಂಬುದನ್ನು ಯಾರೋ ಮೊದಲೇ ತಿಳಿದು ಎಳೆದ ಹಾಗಿತ್ತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಚಹಾ ತಂದ ವಿಜಯಾ ಅವರನ್ನು ಕೇಳಿದೆ: "ಡಾಕ್ಟ್ರೇ, ಗಾಡಿ ಅಡಿಗೆ ಯಾರಾದರೂ ಹೋಗಿದ್ರಾ? ಹಳದಿ ಬಣ್ಣ ಏನಾದರೂ ಮನೆಯಲ್ಲಿ ಇದೆಯಾ?"

"ಇಲ್ರೀ. ನೀವು ಬಿಟ್ಟು ಹೋದಾಗಿಂದ ಯಾರೂ ಮುಟ್ಟಿಲ್ಲ. ಯಾಕ, ಮಾರಿ ಹಿಂಗ್ಯಾಕ ಆಗ್ಯದ ನಿಮ್ದು?"

ಆಗ ಎಲ್ಲ ಹೇಳಿದೆ. ಸಡಿಲ ನಟ್ಟು, ಗಲ್ಫಿನ ದಿಬ್ಬ, ಉಗುರಿನಿಂದ ಕೆರೆದ ಗೆರೆ, ಸದಾನಂದನ ಮೇಲೆ ಹೊರಿಸಿದ ಸುಳ್ಳು. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಆಪರೇಷನ್ನಿನ್ಯಾಗ ಹೊಟ್ಟಿ ಹೊಲಿಯೂದಕ್ಕಿಂತ ಮೊದಲ, ರಕ್ತ ಒರಸಲಿಕ್ಕೆ ಒಳಗಿಟ್ಟ ಬಟ್ಟಿ ಎಣಿಸ್ತೀವಿ," ಎಂದರು. "ಎಣಿಸದ ಸರಿ ಅದ ಅಂತ ಬರೀಲಿಕ್ಕೆ ಬರೂದಿಲ್ಲ. ಒಂದು ತಪ್ಪಿತಂದ್ರ ಮೊದಲಿಂದ ಎಣಿಸಬೇಕು. ಏಳ್ರಿ."

"ಹಡಗು ಹೋಗ್ತದಲ್ಲ?" ಎಂದರು ಶ್ರೀಕಾಂತರು.

"ಹೋಗ್ಲಿ. ಇನ್ನೊಂದು ಬರ್ತದ. ನೀವು ಟಾರ್ಚ್ ಹಿಡೀರಿ."

ಹಡಗು ಹೋಯಿತು. ವಿಜಯಾ ನಟ್ಟುಗಳ ಪಟ್ಟಿ ಬರೆದು ಓದಿದರು, ಶ್ರೀಕಾಂತರು ಟಾರ್ಚ್ ಹಿಡಿದರು, ನಾನು ಗೆರೆ ನೋಡದೆ ಪ್ರತಿ ನಟ್ಟಿಗೂ ಸ್ಪ್ಯಾನರ್ ಇಟ್ಟೆ. ಮಧ್ಯಾಹ್ನವಾಯಿತು. ಬೇರೆ ಒಂದೂ ಸಡಿಲವಿರಲಿಲ್ಲ. ಎರಡು ದಿನ ತಡವಾಗಿ ಹೊರಡುವಾಗ ವಿಜಯಾ ಕಿಟಕಿಯಿಂದ ತಲೆ ಹೊರಹಾಕಿ ಹೇಳಿದರು: "ಅಣ್ಣಾರ, ನಾ ದಿಬ್ಬದ ಮ್ಯಾಲೆ ಏರಿ ನಿಮಗ ಫೋನ್ ಮಾಡ್ತೀನಿ. ಅದರೊಳಗ ನೀವು ಆ ಸದಾನಂದ ಅವರಿಗೆ ಫೋನ್ ಮಾಡಿರಬೇಕು. ಮಾಡಿಲ್ಲಂದ್ರ ನನ್ನ ಫೋನ್ ಎತ್ತಬ್ಯಾಡ್ರಿ."

ಒಂಬತ್ತು ದಿನ ಫೋನ್ ಹಿಡಿದು ಕೂತೆ, ಇಟ್ಟೆ. ನಂಬರು ಊರಿನ ನೆಂಟರೊಬ್ಬರಿಂದ ಒಂದೇ ದಿನದಲ್ಲಿ ಸಿಕ್ಕಿತ್ತು. ಸಿಗದಿದ್ದರೆ ಚೆನ್ನಾಗಿತ್ತು ಎಂದು ಅಂದುಕೊಂಡದ್ದೂ ಸುಳ್ಳಲ್ಲ. ಹತ್ತನೆಯ ದಿನ ಬೆಳಿಗ್ಗೆ ಒತ್ತಿದೆ. ಹೆಸರು ಹೇಳಿದೆ.

"ನೀ ಇನ್ನೂ ಇದ್ಯಾ ಮಾರಾಯಾ?" ಎಂದ.

ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. "ನಂಗೊತ್ತಿದ್ದಿತ್," ಎಂದ. "ಗಾಡಿ ಮಗ್ಚಿ ನಾ ಹೊರ್ಗೆ ಬಿದ್ದಾಗ ಅದ್ರ ಹೊಟ್ಟೆ ನನ್ನ ಕಣ್ಣೆದ್ರೇ ಇತ್ತಲ. ನಿನ್ನ ಬಿಳಿ ಗೆರೆ ಕಾಂತಾ ಎರಡ್ ಗಂಟೆ ಅಲ್ಲೇ ಬಿದ್ಕಂಡಿದ್ದೆ."

"ಮತ್ತೆ ಕಂಪನಿಯವರಿಗೆ ಎಂತಕೆ ಹೇಳ್ಲಿಲ್ಲೆ?"

"ನನ್ ಕಾಲ್ ಹೋಯ್ತ್. ಹೇಳಿರೆ ನಿನ್ ಕೆಲ್ಸವೂ ಹೋತಿತ್. ನೀನೇ ಬಂದ್ ಹೇಳ್ತೆ ಅಂದೇಳಿ ಆಸ್ಪತ್ರೆಯೊಳ್ಗೆ ಬಾಗ್ಲ್ ಕಾಂತಾ ಇದ್ದೆ. ಬರ್ಲಿಲ್ಲೆ ನೀ. ಅದಕ್ಕೇ ಸಿಟ್ಟ್ ನಂಗೆ, ಕಾಲಿಗಲ್ಲ. ಸುಮಾರ್ ವರ್ಷ ನಿನ್ ಹೆಸ್ರ್ ಕೇಂಡ್ರೆ ಉಗೀತಿದ್ದೆ."

ಅತ್ತೆನೋ ಏನೋ, ಅದನ್ನು ಬರೆಯಲು ನಾಚಿಕೆ. ಕೊನೆಗೆ ಹಳದಿ ಗೆರೆಯ ವಿಷಯ ಹೇಳಿದೆ. ಅವನು ಸ್ಪ್ಯಾನರ್ ಮುಟ್ಟಿ ಇಪ್ಪತ್ತು ವರ್ಷವಾಗಿತ್ತು. ಈಗ ಊರಿನಲ್ಲಿ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ.

"ನಟ್ ಟೈಟ್ ಮಾಡ್ದ್ಯಲ್ದಾ?"

"ಮಾಡ್ದೆ."

"ಹಂಗಾರೆ ಆಯ್ತ್."

ಮಾರನೆಯ ದಿನ ಮಧ್ಯಾಹ್ನ ವಿಜಯಾ ಅವರ ವಿಡಿಯೋ ಕಾಲ್ ಬಂತು. ನಾನು ಧೈರ್ಯವಾಗಿ ಎತ್ತಿದೆ. ಹಿಂದೆಲ್ಲ ಕೆಂಪು ಮರಳು, ಅದರ ತುತ್ತತುದಿಯಲ್ಲಿ ನಮ್ಮ ಬಣ್ಣ ಮಾಸಿದ ಗಾಡಿ. "ಏರಿದೆ ಅಣ್ಣಾರ! ನಮ್ಮ ತಂಡದಾಗ ಎರಡು ಹೊಸಾ ಗಾಡಿ ಕೆಳಗ ಹೂತು ನಿಂತಾವ, ನಮ್ದು ಒಂದ ಏಟಿಗೆ ಏರ್ತು!" ಎಂದು ಚಿಕ್ಕ ಹುಡುಗಿಯಂತೆ ಕೂಗಿದರು. ಶ್ರೀಕಾಂತರು ಬಾಯಿಯೊಳಗಿನ ಮರಳು ಉಗುಳುತ್ತ, "ರಿವರ್ಸೂ ತಗದ್ಲು ನೋಡ್ರಿ, ದಿಬ್ಬದ ಮ್ಯಾಲೆ! ನಾ ಸೋತೆ," ಎಂದರು. ನಾನು ಹೌನ್ಸ್ಲೋದ ಅಡುಗೆಮನೆಯಲ್ಲಿ ನಿಂತು ಎರಡೂ ಕೈ ಎತ್ತಿ ಕುಣಿದೆ. ಮಂಡಿ ನೋವು ನೆನಪಾದದ್ದು ಆಮೇಲೆ.

ಗಾಡಿ ವಾಪಸು ಬಂದಾಗ ಅಡಿಗೆ ತೂರಿ ನೋಡಿದೆ. ಮರಳು ಉಜ್ಜಿ ಉಜ್ಜಿ ನನ್ನ ಬಿಳಿ ಗೆರೆಗಳು ಒಂದೂ ಉಳಿದಿರಲಿಲ್ಲ. ಹಳದಿ ಗೆರೆ ಮಾತ್ರ ನೆಟ್ಟಗೆ, ಕೊಕ್ಕೆಯ ಸಮೇತ ಹಾಗೇ ಇತ್ತು. ಫೋಟೋ ತೆಗೆದು ಸದಾನಂದನಿಗೆ ಕಳಿಸಿದೆ. ಅರ್ಧ ಗಂಟೆಯ ನಂತರ ಅವನ ಧ್ವನಿ ಸಂದೇಶ ಬಂತು: "ಗೆರೆ ನಂದೇ. ಎಳ್ದದ್ದ್ ನಾನಲ್ಲ ಮಾರಾಯಾ."

ಅದನ್ನು ಎಳೆದವರು ಯಾರು ಎಂದು ನಾನು ತುಂಬಾ ಯೋಚಿಸಿದ್ದೇನೆ. ಆ ದಿನಗಳಲ್ಲಿ ನನ್ನ ಕೈಯೇ ನನಗೆ ತಿಳಿಯದೆ ಎಳೆದಿರಬಹುದೇ ಎಂದೂ ಯೋಚಿಸಿದ್ದೇನೆ. ನನ್ನ ಮನೆಯಲ್ಲಿ ಹಳದಿ ಬಣ್ಣವೇ ಇಲ್ಲ, ಆ ಕೊಕ್ಕೆ ನನ್ನ ಬೆರಳಿಗೆ ಬರುವುದೂ ಇಲ್ಲ, ಪ್ರಯತ್ನಿಸಿ ನೋಡಿದ್ದೇನೆ. ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಪ್ರತಿ ಸಲ ಆ ಗಾಡಿ ಸರ್ವಿಸಿಗೆ ಬಂದಾಗ ಮೊದಲು ಆ ನಟ್ಟಿಗೇ ಸ್ಪ್ಯಾನರ್ ಇಡುತ್ತೇನೆ. ಅದು ಒಂದು ಎಳೆಯಷ್ಟೂ ತಿರುಗಿಲ್ಲ. ಆದರೂ ಇಡುತ್ತೇನೆ. ಇಟ್ಟ ಮೇಲೆ ಬೈಂದೂರಿಗೆ ಫೋನ್ ಮಾಡಿ, ಟೈಟ್ ಇದೆ ಎಂದು ಹೇಳುತ್ತೇನೆ.