ನೀಲವ್ವನ ತಗಡಿನ ಡಬ್ಬಿ

ನೀಲವ್ವನಿಗೆ ಓದಲು ಬರುತ್ತಿರಲಿಲ್ಲ, ಆದ್ದರಿಂದಲೇ ಆಕೆ ಒಂದು ಕಾಗದವನ್ನೂ ಎಸೆಯುತ್ತಿರಲಿಲ್ಲ. ಸಂಕೇಶ್ವರದ ಹತ್ತಿರ ನಾನು ಹೆಡ್‌ಮಾಸ್ತರನಾಗಿದ್ದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಆಕೆಯದು. ನಾನು ಕಸದ ಬುಟ್ಟಿಗೆ ಹಾಕಿದ ಕಾಗದವೆಲ್ಲ ಆಕೆಯ ತಗಡಿನ ಡಬ್ಬಿ ಸೇರುತ್ತಿತ್ತು. ನಾನು ನಕ್ಕರೆ, "ನಿಮಗ ಓದಾಕ ಬರತೈತಿ, ಒಗೀತೀರಿ. ಯಾವುದು ಬೇಕಾಗತೈತಿ ಅಂತ ನನಗ ಹೆಂಗ ತಿಳೀಬೇಕ್ರಿ?" ಎನ್ನುತ್ತಿದ್ದಳು.

ಎರಡನೆಯ ತರಗತಿಯ ಮೀತಾಳ ಅಪ್ಪ ಬಂಗಾಳದವನು, ಪೇಟೆಯಲ್ಲಿ ಬಂಗಾರದ ಕೆಲಸ ಮಾಡುತ್ತಿದ್ದ. ದೇಶದ ಗಡಿಯಾಚೆಯಿಂದ ನುಸುಳಿ ಬಂದವರೆಂದು ಯಾರೋ ದೂರು ಕೊಟ್ಟರು. ಮೀತಾ ಶಾಲೆಯಲ್ಲಿದ್ದಾಗ ಪೊಲೀಸರು ಅಪ್ಪ-ಅವ್ವ ಇಬ್ಬರನ್ನೂ ಹಿಡಿದೊಯ್ದು ದೂರದ ಊರೊಂದರಲ್ಲಿ ಕೂಡಿಹಾಕಿದರು. ನೀಲವ್ವ ಯಾರನ್ನೂ ಕೇಳದೆ ಹುಡುಗಿಯನ್ನು ತನ್ನ ಮನೆಗೆ ಕರೆದೊಯ್ದಳು. ಬಂಗಾಳಿ ಮಾತು ಕೇಳಿಯೇ ಅವರನ್ನು ಹಿಡಿದರೆಂದು ತಿಳಿದು ಮೀತಾ ಬಂಗಾಳಿ ಬಿಟ್ಟೇಬಿಟ್ಟಳು. ಅವ್ವನನ್ನು ನೆನೆದು ಅಳುವಾಗಲೂ ಕನ್ನಡದಲ್ಲೇ ಅಳುತ್ತಿದ್ದಳು.

ಅವರು ಈ ದೇಶದವರೇ ಎಂದು ತೋರಿಸಲು ಹಳೆಯ ದಾಖಲೆ ಬೇಕಿತ್ತು. ಅವರ ಫೋನುಗಳು ಜಪ್ತಾಗಿದ್ದವು, ಬಂಗಾಳದಲ್ಲಿನ ಅವರ ಊರಿನ ಹೆಸರೂ ನಮಗೆ ಗೊತ್ತಿರಲಿಲ್ಲ. ಮೀತಾ ನಮ್ಮ ಶಾಲೆಗೆ ಸೇರುವಾಗ ತಂದಿದ್ದ, ಬಂಗಾಳದ ಹಳೆಯ ಶಾಲೆಯ ಪತ್ರವನ್ನು, ಲಿಪಿ ಬಾರದೆಂದು, ಮಹಾಪಂಡಿತನಾದ ನಾನೇ ಬುಟ್ಟಿಗೆ ಹಾಕಿದ್ದೆ. ನಾಚಿಕೆಯಿಂದ ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಹೇಳಿದಾಗ ನೀಲವ್ವ ಬೈಯಲಿಲ್ಲ. ಡಬ್ಬಿ ತಂದು ನನ್ನ ಮೇಜಿನ ಮೇಲೆ ಸುರಿದಳು. ಎಣ್ಣೆಯ ಕಲೆ ಹತ್ತಿದ್ದರೂ ಪತ್ರ ಗಟ್ಟಿಯಾಗಿತ್ತು. ಪೇಟೆಯ ಇನ್ನೊಬ್ಬ ಬಂಗಾಳಿ ಕೆಲಸಗಾರನಿಂದ ಓದಿಸಿ ಆ ಶಾಲೆಗೆ ಫೋನ್ ಮಾಡಿದೆವು. ಅಲ್ಲಿನ ಮಾಸ್ತರರು ಪುಣ್ಯಾತ್ಮರು, ಮೀತಾಳ ಅಜ್ಜನ ಕಾಲದ ಹೊಲದ ಪತ್ರವನ್ನೂ ಹುಡುಕಿ ಕಳಿಸಿದರು.

ಆ ದಾಖಲೆ ನೋಡಿ ಅವರನ್ನು ಬಿಟ್ಟ ದಿನ ನಾವು ಮೂವರೂ ಕೂಡಿಹಾಕಿದ್ದ ಜಾಗದ ಗೇಟಿನ ಮುಂದೆ ನಿಂತಿದ್ದೆವು. ಅವ್ವನನ್ನು ಕಂಡ ಮೀತಾ, ಪೊಲೀಸರತ್ತ ನೋಡಿ ತುಟಿ ಬಿಗಿಹಿಡಿದಳು. ನೀಲವ್ವ ಅವಳ ಬೆನ್ನು ತಟ್ಟಿದಳು. "ನಿನ್ನ ಮಾತಿನ್ಯಾಗ ಒದರು ಮಗಳ, ಜೋರಾಗಿ ಒದರು. ಯಾರ ಅಂಜಿಕಿ ಐತಿ?"

ಹುಡುಗಿ ಒದರಿದ್ದಕ್ಕೆ ಪಹರೆಯವನೂ ಹೊರಳಿ ನೋಡಿದ. ಆಮೇಲೆ ಸಂಕೇಶ್ವರದವರೆಗೂ ಬಸ್ಸಿನಲ್ಲಿ ಅವಳ ಬಂಗಾಳಿ ನಿಲ್ಲಲಿಲ್ಲ. ಒಂದಕ್ಷರ ತಿಳಿಯದ ನೀಲವ್ವ ಎಲ್ಲದಕ್ಕೂ ಹೌದು, ಖರೆ ಎನ್ನುತ್ತ ಬಂದಳು. ಅಷ್ಟು ಖುಷಿಯಾಗಿದ್ದ ನೀಲವ್ವನನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಹೋದ ವರ್ಷ ನೀಲವ್ವ ತೀರಿಕೊಂಡಳು. ಮಣ್ಣಿಗೆ ಬಂದಿದ್ದ ಹಿರಿಯರೊಬ್ಬರು, ಮುಂದೆ ನಿಂತಿದ್ದ ಮೀತಾಳ ಅಪ್ಪನನ್ನು ಯಾರ ಪೈಕಿ, ಯಾರ ಬಳಗ ಎಂದು ಕೇಳಿದರು. ಅವನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮೀತಾ ಹೇಳಿದಳು: "ನಾವು ನೀಲವ್ವನ ಪೈಕಿರಿ."

ಹಿರಿಯರು ಪಕ್ಕಕ್ಕೆ ಸರಿದು, ಮೊದಲ ಹಿಡಿ ಮಣ್ಣು ಹಾಕಲು ಅವರಿಗೆ ದಾರಿ ಬಿಟ್ಟರು.